ಆಪಾ ಮತ್ತು ಮೂವತ್ತು ಅಡಿ ಹಗ್ಗ

ಕೆಟ್ಟುಹೋದ ಮೋಟರಿನ ಬಗ್ಗೆ ದೂರು ಕೊಡಲೆಂದು ಕಂಪನಿ ಇಟ್ಟಿದ್ದ ನಂಬರಿಗೆ ಫೋನು ಮಾಡಿ, ಮೋಟರಿನ ಬದಲು ಮನುಷ್ಯನ ಮೇಲೆ ದೂರು ಬರೆಸಿದವರು ನನಗೆ ತಿಳಿದಂತೆ ಒಬ್ಬರೇ. ಆ ಮನುಷ್ಯ ನಾನು, ಬರೆಸಿದವರು ಆಪಾ. ಮೂರು ತಿಂಗಳ ಹಿಂದೆ ಅವರು ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ದಿನದಿಂದಲೂ ಅವರ ಬಗ್ಗೆ ನಾಲ್ಕು ಸಾಲು ಬರೆಯಬೇಕು ಅಂದುಕೊಳ್ಳುವುದು, ನಾಳೆ ನೋಡೋಣ ಎಂದು ಮುಂದೂಡುವುದು ನಡೆದೇ ಇತ್ತು. ಹೋದ ವಾರ ನಮ್ಮ ಹೊಲದ ಬೋರ್‌ವೆಲ್ ಮೋಟರು ನಿಂತುಹೋಯಿತು. ಇನ್ನು ಮುಂದೂಡುವ ಹಾಗಿಲ್ಲ.

ಆಪಾ ಎಂದರೆ ಅಕ್ಕ. ತುಮಕೂರಿನ ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ಚಿಕ್ಕವರು, ದೊಡ್ಡವರು, ಆ ಜಾತಿ ಈ ಜಾತಿ ಎನ್ನದೆ ಎಲ್ಲರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು. ಅವರ ಹೆಸರು ನನಗೆ ತಿಳಿದದ್ದು ಅವರ ಪಾಸ್‌ಪೋರ್ಟ್ ನೋಡಿದ ದಿನ. ಅಷ್ಟು ವರ್ಷ ಅವರ ಮನೆಯ ಟೀ ಕುಡಿದೂ ಹೆಸರು ಕೇಳದಿದ್ದವನು ಈಗ ಅದನ್ನು ಬರೆದು ದೊಡ್ಡಸ್ತಿಕೆ ಮಾಡುವುದು ಬೇಡ. ಆಪಾ ಎಂದೇ ಇರಲಿ.

ನಾನಾಗ ಪಂಪ್‌ಸೆಟ್ ಕಂಪನಿಯೊಂದರಲ್ಲಿ ಸೇಲ್ಸ್ ಆಫೀಸರ್. ತುಮಕೂರು, ಗುಬ್ಬಿ, ಕುಣಿಗಲ್ ನನ್ನ ಉಸ್ತುವಾರಿ. ನನ್ನ ಊರೂ ಕುಣಿಗಲ್ ಕಡೆಯದೇ. ಕಂಪನಿ ಕೊಟ್ಟ ಬೈಕು, ಕೊರಳಲ್ಲಿ ಟ್ಯಾಗು, ಬಾಯಲ್ಲಿ ಸದಾ ಟಾರ್ಗೆಟ್ಟು, ಇಷ್ಟೇ ನನ್ನ ಬಂಡವಾಳ. ಓಣಿಯ ಆ ಅಂಗಡಿ ನಮ್ಮ ಡೀಲರ್‌ಶಿಪ್. ಬೋರ್ಡಿನ ಮೇಲೆ ಇದ್ದದ್ದು ಆಪಾ ಅವರ ಗಂಡನ ಹೆಸರು. ಅವರು ಮಾತು ಕಡಿಮೆ, ನಗು ಜಾಸ್ತಿ ಇದ್ದ ಮನುಷ್ಯ, ಎಲ್ಲರಿಗೂ ಭಾಯ್. ಮುಂದಿನ ಕೋಣೆಯಲ್ಲಿ ಹೊಸ ಮೋಟರುಗಳ ಮಾರಾಟ, ಹಿಂದಿನ ಕೋಣೆಯಲ್ಲಿ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವ ವೈಂಡಿಂಗ್ ರಿಪೇರಿ, ನಡುವೆ ಒಂದು ಹೂವಿನ ಪರದೆ. ಮೊದಲ ಎರಡು ವರ್ಷ ಆ ಪರದೆಯ ಆಚೆ ಅಡುಗೆಮನೆ ಇದೆ ಎಂದೇ ನಾನು ನಂಬಿದ್ದೆ. ಒಂದು ದಿನ ಭಾಯ್ ಅವರ ಮುಂದೆ, ಈ ಜಿಲ್ಲೆಯಲ್ಲಿ ನಿಮ್ಮಂಥ ವೈಂಡಿಂಗ್ ಕೈ ಇನ್ನೊಂದಿಲ್ಲ ಎಂದು ಹೊಗಳಿದೆ. ಅವರು ತಮ್ಮ ಎರಡೂ ಅಂಗೈ ಚಾಚಿ ತೋರಿಸಿ, ‘ಕೈ ಇದಲ್ಲ ಸಾರ್’ ಎಂದು ಪರದೆ ಸರಿಸಿದರು.

ಒಳಗೆ ನೆಲದ ಮೇಲೆ ಮಣೆ ಹಾಕಿಕೊಂಡು ಐವತ್ತು ದಾಟಿದ ಹೆಂಗಸೊಬ್ಬರು ಕೂತಿದ್ದರು. ಮುಂದೆ ಮೋಟರಿನ ಕೊಳವೆ ಅಡ್ಡ ಮಲಗಿತ್ತು. ಅದರೊಳಗಿನ ಕಿರಿದಾದ ಸೀಳುಗಳಲ್ಲಿ ತಾಮ್ರದ ತಂತಿಯನ್ನು ಈ ತುದಿಯಿಂದ ತಳ್ಳಿ ಆ ತುದಿಯಿಂದ ಎಳೆಯುತ್ತಿದ್ದರು. ನಾನು ನಮಸ್ಕಾರ ಅಂದೆ. ಅವರು ತಲೆಯೆತ್ತದೆ ಎಡಗೈಯ ಒಂದು ಬೆರಳನ್ನು ಮೇಲಕ್ಕೆತ್ತಿದರು. ಎಣಿಕೆ ನಡೆಯುತ್ತಿದೆ, ಬಾಯಿ ಮುಚ್ಚಿ ಎಂದು ಅದರ ಅರ್ಥ. ಸುತ್ತು ಒಂದು ಹೆಚ್ಚಾದರೂ ಕಡಿಮೆಯಾದರೂ ಮೋಟರು ಮತ್ತೆ ಸುಡುತ್ತದೆ. ಆ ಬೆರಳು ಮೇಲಿದ್ದಾಗ ಗಂಡ ಕರೆದರೂ, ಹಾಲಿನವನು ಕೂಗಿದರೂ ಆಪಾ ಓಗೊಡುತ್ತಿರಲಿಲ್ಲ. ಅವತ್ತು ನಾನು ಕಾಲು ನೋಯುವವರೆಗೆ ನಿಂತೆ. ಕೊನೆಗೆ ಬೆರಳು ಇಳಿಸಿ, ‘ಹೇಳಿ ಕುಣಿಗಲ್ ಸಾರ್, ಎಷ್ಟು ಮೋಟ್ರು ಸುಳ್ಳು ಹೇಳಿ ಮಾರಿದ್ರಿ ಈ ತಿಂಗ್ಳು?’ ಎಂದು ಕೇಳಿದರು. ನಮ್ಮ ಸ್ನೇಹ ಶುರುವಾದದ್ದು ಹೀಗೆ.

ಆ ಕೋಣೆಯ ಮೂಲೆಯಲ್ಲಿ ಒಂದು ನೀಲಿ ಡ್ರಮ್ಮು, ತುಂಬ ನೀರು. ಸುತ್ತಿ ಮುಗಿಸಿದ ಪ್ರತಿ ಮೋಟರಿನ ಕೊಳವೆಯನ್ನು ಅದರಲ್ಲಿ ಒಂದು ಹಗಲು ಒಂದು ರಾತ್ರಿ ಮುಳುಗಿಸಿಡಬೇಕು. ಆಮೇಲೆ ಮೆಗ್ಗರ್ ಎನ್ನುವ ಪುಟ್ಟ ಪೆಟ್ಟಿಗೆಯ ತಂತಿ ತಾಗಿಸಿ ಕರೆಂಟು ನೀರಿಗೆ ಸೋರುತ್ತಿದೆಯೇ ಎಂದು ನೋಡಬೇಕು. ಮುಳ್ಳು ಮೇಲೇರಿ ನಿಂತರೆ ಪಾಸು, ಜಾರಿದರೆ ಬಿಚ್ಚಿ ಮತ್ತೆ ಮೊದಲಿಂದ. ಬೇರೆ ಅಂಗಡಿಗಳಲ್ಲಿ ಒಂದೆರಡು ಗಂಟೆ ಅದ್ದಿ ಕೈತೊಳೆದುಕೊಳ್ಳುತ್ತಿದ್ದರು. ಆಪಾ ಹತ್ತಿರ ಆ ಆಟ ನಡೆಯುತ್ತಿರಲಿಲ್ಲ. ಊರ್ಡಿಗೆರೆಯ ರೈತನೊಬ್ಬ ಬಂದು, ಸೊಪ್ಪು ಬಾಡ್ತಾ ಐತೆ, ಇವತ್ತೇ ಕೊಟ್ಬುಡವ್ವ ಎಂದು ಕೈಮುಗಿದು ಕೂತಿದ್ದ. ಆಪಾ ಅವನಿಗೆ ಟೀ ತರಿಸಿಕೊಟ್ಟು, ‘ಒಂದಿನ ಬಾಡ್ಲಿ ಕಣಪ್ಪ, ಇವತ್ತು ಕೊಟ್ರೆ ವಾರಕ್ಕೆ ವಾಪಸ್ ಹೊತ್ಕೊಂಡು ಬರ್ತೀಯ’ ಅಂದರೇ ಹೊರತು ಡ್ರಮ್ಮಿನ ಮುಚ್ಚಳ ತೆಗೆಯಲಿಲ್ಲ. ಅವನು ಗೊಣಗಿಕೊಂಡು ಹೋದ. ಮಾರನೆಯ ದಿನ ಬಂದು ಒಯ್ದ. ಮತ್ತೆ ಆ ಮೋಟರಿಗಾಗಿ ಅವನು ಅಂಗಡಿಯ ಕಡೆ ಬಂದದ್ದನ್ನು ನಾನಂತೂ ಕಾಣೆ.

ಇನ್ನೊಂದು ಅಭ್ಯಾಸ. ವೈಂಡಿಂಗ್ ಕಟ್ಟಿ ಮುಗಿಸುವಾಗ ಕೊನೆಯಲ್ಲಿ ಹಸಿರು ದಾರದ ಒಂದು ತುಂಡು ಹಾಕಿ ಮೂರು ಗಂಟು ಬಿಗಿಯುತ್ತಿದ್ದರು. ಯಾಕೆ ಎಂದು ಕೇಳಿದ್ದಕ್ಕೆ, ನಾಳೆ ಈ ಮೋಟರು ಸುಟ್ಟು ಬಂದರೆ ಯಾರ ತಪ್ಪು ಅಂತ ಗೊತ್ತಾಗಬೇಡವೇ ಎಂದರು. ತನ್ನ ಕೆಲಸಕ್ಕೆ ಸಹಿ ಹಾಕುವವರನ್ನು ನೋಡಿದ್ದೆ. ತನ್ನ ತಪ್ಪಿಗೆ ಮುಂಚಿತವಾಗಿಯೇ ಸಹಿ ಹಾಕಿಡುವವರನ್ನು ನೋಡಿದ್ದು ಅದೇ ಮೊದಲು.

ನಮ್ಮ ಮೋಟರು ಆ ಅಂಗಡಿಯಲ್ಲಿ ಅಷ್ಟು ಖರ್ಚಾಗುತ್ತಿದ್ದದ್ದು ನನ್ನ ಮಾತಿನ ಚಮತ್ಕಾರದಿಂದಲ್ಲ. ಗೂಳೂರಿನಿಂದಲೋ ಕೋರದಿಂದಲೋ ಬಂದ ಗಿರಾಕಿ ನನ್ನ ಬಣ್ಣದ ಕಾಗದಗಳನ್ನೆಲ್ಲ ತಿರುವಿ ನೋಡಿ, ಕೊನೆಗೆ ಪರದೆಯ ಕಡೆ ತಿರುಗಿ ಆಪಾ ಏನಂತಾರೆ ಎಂದು ಕೇಳುತ್ತಿದ್ದ. ಒಳಗಿನಿಂದ ‘ಹೂಂ’ ಬಂದರೆ ವ್ಯಾಪಾರ, ಬರದಿದ್ದರೆ ಇಲ್ಲ. ಟಾರ್ಗೆಟ್ ಮುಟ್ಟಿದ ಡೀಲರುಗಳನ್ನು ಕಂಪನಿ ಪ್ರತಿ ಮಳೆಗಾಲ ಹೊರದೇಶದ ಯಾವುದಾದರೂ ಬೀಚಿಗೆ ಕರೆದೊಯ್ಯುತ್ತಿತ್ತು. ಬೇಸಿಗೆಯ ಪಂಪಿನ ಗಲಾಟೆ ಮುಗಿದಿರುತ್ತದೆ, ಅಲ್ಲಿ ಹೋಟೆಲುಗಳೂ ಖಾಲಿ ಇರುತ್ತವೆ. ಭಾಯ್ ಮೂರು ಸಲ ಹೋಗಿ ಬಂದಿದ್ದರು. ಗಂಡಸರ ಪ್ರವಾಸ ಅದು, ಅಲ್ಲಿ ಏನೇನು ನಡೆಯುತ್ತಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ. ಕುಡಿಯದ ಭಾಯ್ ದಡದಲ್ಲಿ ಕೂತು ಉಳಿದವರ ಚಪ್ಪಲಿ ಕಾದು, ಕೀಚೈನು ತಗೊಂಡು ವಾಪಸಾಗುತ್ತಿದ್ದರು.

ಮೂರನೆಯ ಸಲ ಅವರು ವಾಪಸು ಬಂದಾಗ ನಾನೂ ಅಲ್ಲಿದ್ದೆ. ಆಪಾ ಕೀಚೈನು ಮುಟ್ಟಲಿಲ್ಲ. ನೀರಿಗೆ ಇಳಿದ್ರಾ ಎಂದು ಕೇಳಿದರು. ಪಾದ ನೆನೆಸಿದೆ ಎಂದರು ಭಾಯ್. ಆಪಾ ನನ್ನ ಕಡೆ ತಿರುಗಿದರು. ‘ಕೇಳಿ ಸಾರ್. ಮೂವತ್ತು ವರ್ಷ್ದಿಂದ ನಾನು ಸುತ್ತಿದ್ದೆಲ್ಲಾ ನೀರೊಳಗೆ ಐತೆ. ಸಾವಿರ ಅಡಿ ಕೆಳಗೆ ಐತೆ. ನಾನೊಬ್ಳೇ ಒಂದ್ಸಲನೂ ಮುಳುಗಿಲ್ಲ. ಬಕೆಟ್ಟು ಚೊಂಬಲ್ಲೇ ಆಗೋಯ್ತು ನನ್ನ ಜಿಂದಗಿ. ಮುಂದಿನ್ಸಲ ನಾನು ಹೋಗ್ತೀನಿ. ಬರ್ಕೊಳ್ಳಿ.’

ಬರೆದುಕೊಳ್ಳಲಿಲ್ಲ ನಾನು. ಮುಂದಿನ ವರ್ಷವೂ ಟಾರ್ಗೆಟ್ ಮುಟ್ಟುವ ಲಕ್ಷಣ ಕಂಡಾಗ ಆಪಾ ನೆನಪಿಸಿದರು. ಬಾಟಲಿ ಹಿಡಿದ ಮೂವತ್ತು ಡೀಲರುಗಳ ನಡುವೆ ಈ ಹೆಂಗಸನ್ನು ಕಟ್ಟಿಕೊಂಡು ನಾನೆಲ್ಲಿ ಹೋಗಲಿ? ಕಂಪನಿ ರೂಲ್ಸು ಆಪಾ, ಯಾರ ಹೆಸರಲ್ಲಿ ಡೀಲರ್‌ಶಿಪ್ ಇದೆಯೋ ಅವರು ಮಾತ್ರ ಎಂದು ಹಸಿಸುಳ್ಳು ಹೇಳಿದೆ. ಅವರು ನನ್ನನ್ನೇ ನೋಡಿ ಒಂದು ಬೆರಳು ಎತ್ತಿ, ತಂತಿ ಎಳೆಯತೊಡಗಿದರು. ಗೆದ್ದೆ ಎಂದುಕೊಂಡು ಬೈಕು ಹತ್ತಿದೆ.

ನಾಲ್ಕು ದಿನದ ಮೇಲೆ ಹೆಡ್ಡಾಫೀಸಿನಿಂದ ಫೋನು. ಮೋಟರಿನ ತಗಡಿನ ಮೇಲೆ ಅಚ್ಚಾಗಿರುವ ಉಚಿತ ನಂಬರಿಗೆ ಆಪಾ ಫೋನು ಮಾಡಿ, ಕನ್ನಡಕ್ಕೆ ಎರಡು ಒತ್ತಿ, ದೂರು ಬರೆಸಿದ್ದರು. ಯಾವ ಮಾಡೆಲ್ಲು ಎಂದು ಆ ಕಡೆಯವರು ಕೇಳಿದ್ದಕ್ಕೆ ಕುಣಿಗಲ್ ಮಾಡೆಲ್ಲು ಎಂದಿದ್ದಾರೆ. ಏನು ತೊಂದರೆ ಎಂದರೆ, ನಿಜ ಹೇಳಬೇಕಾದಾಗ ಟ್ರಿಪ್ ಆಗಿ ನಿಂತುಹೋಗುತ್ತದೆ ಎಂದಿದ್ದಾರೆ. ಆಮೇಲೆ ವಿಷಯವನ್ನೆಲ್ಲ ಬಿಡಿಸಿ ಹೇಳಿ, ದೂರಿನ ಸಂಖ್ಯೆ ಕೊಟ್ಟ ಮೇಲೆಯೇ ಫೋನು ಇಟ್ಟದ್ದು. ರೂಲ್ಸಿನಲ್ಲಿ ನಿಜಕ್ಕೂ ಇದ್ದದ್ದು ಡೀಲರು ಅಥವಾ ಡೀಲರು ಹೇಳಿದವರು ಎಂದು. ನನ್ನ ಮೇಲಿನವರು ನನಗೆ ಚೆನ್ನಾಗಿ ಜಾಡಿಸಿದರು. ಮೇಲಾಗಿ, ಇದೊಂದು ಒಳ್ಳೆಯ ಐಡಿಯಾ ಎಂದು ಯಾರಿಗೋ ಹೊಳೆದು, ಈ ಸಲದ ಪ್ರವಾಸ ಗಂಡ ಹೆಂಡತಿ ಇಬ್ಬರಿಗೂ ಎಂದು ಸುತ್ತೋಲೆ ಬಂತು. ಮೂರೂ ತಾಲೂಕಿನ ಡೀಲರುಗಳು ನನಗೆ ಹಾಕಿದ ಶಾಪ ಅಷ್ಟಿಷ್ಟಲ್ಲ. ಗುಬ್ಬಿಯ ಡೀಲರಂತೂ ಎರಡು ವಾರ ನನ್ನ ಫೋನು ಎತ್ತಲಿಲ್ಲ.

ಪಾಸ್‌ಪೋರ್ಟಿಗೆ ನಾನೇ ಅವರನ್ನು ಕರೆದುಕೊಂಡು ಹೋದೆ. ಮಾಡಿದ ತಪ್ಪಿಗೆ ಅಷ್ಟಾದರೂ ಬೇಡವೇ? ಅಲ್ಲಿ ಹೊಸ ಫಜೀತಿ. ಆಪಾ ಬೆರಳನ್ನು ಗಾಜಿನ ಮೇಲೆ ಎಷ್ಟು ಒತ್ತಿದರೂ ಕಂಪ್ಯೂಟರ್ ಪರದೆಯ ಮೇಲೆ ಗೆರೆ ಮೂಡಲಿಲ್ಲ. ಮೂವತ್ತು ವರ್ಷ ತಂತಿ ಎಳೆದೆಳೆದು ಬೆರಳ ತುದಿಗಳು ಸವೆದು ನುಣ್ಣಗಾಗಿದ್ದವು. ಕೌಂಟರಿನಲ್ಲಿ ಕೂತಿದ್ದ ಹುಡುಗಿ ಒಳ್ಳೆಯವಳು. ಕೈಗೆ ಸ್ವಲ್ಪ ದಿನ ರಜೆ ಕೊಡಿ ಅಮ್ಮ, ಎಣ್ಣೆ ಹಚ್ಚಿ, ಗೆರೆ ಮತ್ತೆ ಬರುತ್ತೆ, ಹದಿನೈದು ದಿನ ಬಿಟ್ಟು ಬನ್ನಿ ಎಂದಳು.

ಬೇಸಿಗೆ ನೆತ್ತಿಯ ಮೇಲಿತ್ತು. ಓಣಿಯ ತುಂಬ ಸುಟ್ಟ ಮೋಟರು ಹೊತ್ತ ಆಟೋಗಳು. ಹಬ್ಬದ ದಿನ ಬಿಟ್ಟರೆ ಆಪಾ ರಜೆ ಮಾಡಿದ್ದನ್ನು ಯಾರೂ ನೋಡಿರಲಿಲ್ಲ. ಈಗ ಹದಿನೈದು ದಿನ ವೈಂಡಿಂಗ್ ಇಲ್ಲ ಎಂದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಸಿ ಬಾಗಿಲಿಗೆ ನೇತುಹಾಕಿ, ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಮಣೆಯ ಮೇಲೆ ಕೂತರು. ಹೊರಗೆ ನಿಂತವರ ಕೋಪ ನನಗೇ ಹೆದರಿಕೆ ಹುಟ್ಟಿಸುವಷ್ಟಿತ್ತು. ಕೋರದ ಒಬ್ಬರು, ಬೇಸ್ಗೇಲಿ ಬಾಗ್ಲಾಕ್ಕೊಂಡು ಏನವ್ವಾ ಮಾಡ್ತಿದ್ದೀಯ ಎಂದು ದಬಾಯಿಸಿದರು. ಆಪಾ ಹತ್ತೂ ಬೆರಳು ಅರಳಿಸಿ ತೋರಿಸಿದರು. ‘ನೀನು ರಾಗಿ ಬೆಳೀತೀಯ, ನಾನು ಗೆರೆ ಬೆಳೀತಾ ಇದೀನಿ ಕಣಪ್ಪ. ಹದಿನೈದೇ ದಿನ. ಅವಸ್ರ ಇದ್ರೆ ಬೇರೆ ಕಡೆ ಹೋಗು, ಬೇಜಾರಿಲ್ಲ.’ ಬೈದುಕೊಂಡು ಕೆಲವರು ಹೋದರು, ಹೆಚ್ಚಿನವರು ಮೋಟರು ಅಲ್ಲೇ ಇಳಿಸಿ ಹೋದರು. ತಂತಿ ಪರೀಕ್ಷಿಸುವ ಭೂತಗಾಜಿನಲ್ಲಿ ಆಪಾ ದಿನವೂ ಬೆಳಿಗ್ಗೆ ತಮ್ಮ ಬೆರಳು ನೋಡಿಕೊಳ್ಳುತ್ತಿದ್ದರು. ಹದಿನಾರನೆಯ ದಿನ ಆ ಹುಡುಗಿಯ ಗಾಜು ಅವರ ಬೆರಳನ್ನು ಒಪ್ಪಿಕೊಂಡಿತು. ಹದಿನೇಳನೆಯ ದಿನದಿಂದ ಅವರು ಬಾಕಿ ಉಳಿದ ಮೋಟರುಗಳ ಮುಂದೆ ಕೂತು ಮತ್ತೆ ಆ ಗೆರೆಗಳನ್ನು ಸವೆಸತೊಡಗಿದರು.

ಜುಲೈ ತಿಂಗಳಲ್ಲಿ ಹೊರಟೆವು, ಥಾಯ್ಲೆಂಡಿನ ಒಂದು ದ್ವೀಪಕ್ಕೆ. ವಿಮಾನ ನಿಲ್ದಾಣದಲ್ಲಿ ತಪಾಸಣೆಯವರು ಆಪಾ ಅವರ ಚೀಲವನ್ನು ಪಕ್ಕಕ್ಕೆ ಎಳೆದರು. ಗುಬ್ಬಿಯ ಡೀಲರ ಹೆಂಡತಿ ತಮ್ಮ ಚೀಲದ ತೂಕ ಜಾಸ್ತಿಯಾಯಿತೆಂದು ಎಂಟು ಗಿಟುಕು ಕೊಬ್ಬರಿಯನ್ನು ಆಪಾ ಚೀಲಕ್ಕೆ ದಾಟಿಸಿದ್ದರು. ಹೋದ ಕಡೆ ಕೊಬ್ಬರಿ ಸಿಗದಿದ್ದರೆ ಚಟ್ನಿಪುಡಿಗೆ ಗತಿಯೇನು ಎಂಬುದು ಅವರ ಲೆಕ್ಕ. ಕೊಬ್ಬರಿಯಲ್ಲಿ ಎಣ್ಣೆಯಿದೆ, ಬೆಂಕಿ ಹತ್ತುತ್ತದೆ, ವಿಮಾನಕ್ಕೆ ಕೂಡದು ಎಂದು ಅದನ್ನು ಅಲ್ಲೇ ಇಟ್ಟುಕೊಂಡರು. ಹುಟ್ಟಿದಾಗಿನಿಂದ ಕೊಬ್ಬರಿ ತಿಂದು ಬೆಳೆದ ಗುಬ್ಬಿಯ ಆ ತಾಯಿಗೆ ಇದು ಕೊನೆಯವರೆಗೂ ಅರ್ಥವಾಗಲಿಲ್ಲ. ಕೊಬ್ಬರಿಯ ಕೆಳಗೆ ಸಿಕ್ಕಿದ್ದು ಹಗ್ಗ. ಬೋರ್‌ವೆಲ್ಲಿಗೆ ಪಂಪು ಇಳಿಸುವಾಗ ಕಟ್ಟುವ ನೀಲಿ ನೈಲಾನ್ ಹಗ್ಗ, ಮೂವತ್ತು ಅಡಿ, ಅಚ್ಚುಕಟ್ಟಾಗಿ ಸುತ್ತಿದ್ದು. ಇದೇನಕ್ಕೆ ಎಂದು ಕೇಳಿದರು. ಇಳಿಸೋದಕ್ಕೆ ಎಂದರು ಆಪಾ. ಏನನ್ನು ಎಂದರೆ, ನನ್ನನ್ನು ಎಂದರು. ಹಗ್ಗಕ್ಕೆ ಏನೂ ಅಡ್ಡಿಯಿರಲಿಲ್ಲ.

ವಿಮಾನದಲ್ಲಿ ನಾನು ಕೇಳಿದೆ, ಹಗ್ಗ ಯಾಕೆ ಆಪಾ ಅಂತ. ಅವರ ಉತ್ತರ ಸರಳವಾಗಿತ್ತು: ಅವರ ಕೈಯಿಂದ ಹೋದ ಯಾವ ಮೋಟರೂ ಹಗ್ಗವಿಲ್ಲದೆ ನೀರಿಗೆ ಇಳಿದಿಲ್ಲ. ಹಗ್ಗವಿಲ್ಲದೆ ಇಳಿಸುವವರು ಮೂರ್ಖರು.

ಹೋಗಿ ಇಳಿದರೆ ಮಳೆ. ಸಮುದ್ರ ಕೆಸರಿನ ಬಣ್ಣಕ್ಕೆ ತಿರುಗಿ ಅಬ್ಬರಿಸುತ್ತಿತ್ತು. ದಡದ ಉದ್ದಕ್ಕೂ ಕೆಂಪು ಬಾವುಟ. ಯಾರೂ ನೀರಿಗೆ ಇಳಿಯಬಾರದೆಂದು. ಮೊದಲ ದಿನ ಬಸ್ಸಿನಲ್ಲಿ ದೇವಸ್ಥಾನ, ಅಂಗಡಿ ಸುತ್ತಿಸಿದೆ. ಊಟದಲ್ಲಿ ಎಲ್ಲಕ್ಕೂ ಮೀನಿನ ವಾಸನೆ ಎಂದು ಅರ್ಧ ಜನ ಅನ್ನ ಮೊಸರಿಗೆ ಬಿದ್ದರು. ಹೆಂಡತಿಯರ ಮುಂದೆ ಬಾಟಲಿ ತೆಗೆಯಲಾಗದ ಡೀಲರುಗಳು ನಾನು ಕಂಡಲ್ಲೆಲ್ಲ ಹಲ್ಲು ಕಡಿಯುತ್ತಿದ್ದರು. ಆಪಾ ಮಾತ್ರ ಬಸ್ಸು ಹತ್ತುವ ಮುಂಚೆ ಒಂದು ಸಲ, ಇಳಿದ ಮೇಲೆ ಒಂದು ಸಲ ಹೋಗಿ ಬಾವುಟದ ಬಣ್ಣ ನೋಡಿ ಬರುತ್ತಿದ್ದರು. ಕೈಯಲ್ಲಿ ಹಗ್ಗದ ಸುರುಳಿ.

ಎರಡನೆಯ ದಿನವೂ ಕೆಂಪು. ಅಂದು ಹೋಟೆಲಿನ ಸಭಾಂಗಣದಲ್ಲಿ ಕಂಪನಿಯ ಹೊಸ ಮೋಟರಿನ ಬಿಡುಗಡೆ. ಹೆಡ್ಡಾಫೀಸಿನ ದೊಡ್ಡವರು ದೀಪ ಹಚ್ಚಿ, ಚಿತ್ರ ತೋರಿಸಿ, ಪ್ರಶ್ನೆಗಳಿದ್ದರೆ ಕೇಳಿ ಎಂದರು. ಕೇಳಿ ಎನ್ನುವುದು ಮರ್ಯಾದೆಗೆ, ಯಾರೂ ಕೇಳುವುದಿಲ್ಲ. ಆಪಾ ಎದ್ದು ನಿಂತು, ಹೊಸ ಮೋಟರಿನಲ್ಲಿ ತಂತಿಯ ಮೇಲಿನ ಹೊದಿಕೆ ತೆಳ್ಳಗಾಗಿದೆಯಲ್ಲ, ಯಾಕೆ ಎಂದು ಹಿಂದಿಯಲ್ಲಿ ಕೇಳಿದರು. ದೊಡ್ಡವರು ನಕ್ಕು, ಮೇಡಮ್, ಚಿತ್ರ ನೋಡಿ ಹೊದಿಕೆಯ ದಪ್ಪ ಹೇಗೆ ಗೊತ್ತಾಯಿತು ಎಂದರು. ಚಿತ್ರದಲ್ಲಲ್ಲ, ಹೊರಗೆ ಮೇಜಿನ ಮೇಲೆ ನೀವಿಟ್ಟಿದ್ದ ತುಂಡನ್ನು ಮುಟ್ಟಿ ನೋಡಿದೆ ಎಂದರು ಆಪಾ. ಟೀ ವಿರಾಮದಲ್ಲಿ ಆ ದೊಡ್ಡವರು ತಾವಾಗಿ ಬಂದು ಆಪಾ ಪಕ್ಕ ಕೂತು, ಕಾಗದ ಪೆನ್ನು ತೆಗೆದು ಒಂದೊಂದೇ ಕೇಳಿ ಬರೆದುಕೊಂಡರು. ಅಷ್ಟು ವರ್ಷ ಹೆಡ್ಡಾಫೀಸಿನವರು ನನ್ನಿಂದ ಬರೆದುಕೊಂಡದ್ದು ಮಾರಾಟದ ಸಂಖ್ಯೆ ಮಾತ್ರ. ನನಗೆ ಹೆಮ್ಮೆಯೂ ಆಯಿತು, ಸ್ವಲ್ಪ ಹೊಟ್ಟೆಯೂ ಉರಿಯಿತು.

ಮೂರನೆಯ ದಿನ ಮಧ್ಯಾಹ್ನ ನಮ್ಮ ವಿಮಾನ. ಬೆಳಿಗ್ಗೆ ಮಳೆ ನಿಂತು ಬಾವುಟ ಹಳದಿಗೆ ತಿರುಗಿತ್ತು. ದಡದ ಹತ್ತಿರ, ಎದೆಮಟ್ಟದವರೆಗೆ ಇಳಿಯಬಹುದು, ಎಚ್ಚರಿಕೆಯಿಂದ ಎಂದು ಅರ್ಥ. ನಾನು ಬಸ್ಸಿನ ಹೊತ್ತಾಯಿತು, ಬೇಡ ಆಪಾ, ಏನಾದರೂ ಆದರೆ ನನ್ನ ತಲೆಗೆ ಬರುತ್ತದೆ ಎಂದೆ. ಅವರು ನನ್ನ ಮಾತು ಮುಗಿಯುವವರೆಗೂ ಕೇಳಿ, ಹಗ್ಗದ ಒಂದು ತುದಿಯನ್ನು ನನ್ನ ಕೈಗಿಟ್ಟರು. ತುಂಬುತೋಳಿನ ಕುರ್ತಾ, ಪೈಜಾಮ, ತಲೆಗೆ ಬಿಗಿಯಾಗಿ ಸುತ್ತಿದ ದುಪಟ್ಟಾ. ಭಾಯ್ ಮಂಡಿಯೂರಿ ಹೆಂಡತಿಯ ಸೊಂಟಕ್ಕೆ ಹಗ್ಗ ಸುತ್ತಿ, ಪಂಪಿಗೆ ಹಾಕುವ ಗಂಟನ್ನೇ ಹಾಕಿದರು. ಕಾವಲಿಗಿದ್ದ ಅಲ್ಲಿನ ಯುವಕ ನೋಡಿ ನಕ್ಕು, ಹೆಬ್ಬೆರಳು ಎತ್ತಿ ಒಪ್ಪಿಗೆ ಕೊಟ್ಟ. ತಮಾಷೆ ನೋಡಲು ಬಂದ ಡೀಲರುಗಳು ತಾವಾಗಿಯೇ ಒಬ್ಬರ ಹಿಂದೆ ಒಬ್ಬರು ಹಗ್ಗಕ್ಕೆ ಕೈ ಹಾಕಿದರು. ಗುಬ್ಬಿಯವರು ನನ್ನ ಹಿಂದೆಯೇ ನಿಂತರು. ಇವರೆಲ್ಲ ಒಂದು ಕಾಲದಲ್ಲಿ ಪಂಪು ಎಳೆದೇ ಅಂಗಡಿ ಕಟ್ಟಿದವರು. ಹಗ್ಗ ಕಂಡರೆ ಕೈ ಸುಮ್ಮನಿರುವುದಿಲ್ಲ. ಆಪಾ ನಮ್ಮೆಲ್ಲರನ್ನೂ ಒಂದು ಸಲ ನೋಡಿ, ‘ನಾನು ಹೇಳೋವರ್ಗೂ ಎಳೀಬೇಡಿ’ ಎಂದು ನೀರಿನ ಕಡೆ ತಿರುಗಿದರು.

ಮೊಣಕಾಲು, ಸೊಂಟ. ಒಂದು ಅಲೆ ಬಂತು, ತೂರಾಡಿ ನಿಂತರು. ಇನ್ನೊಂದು ನಾಲ್ಕು ಹೆಜ್ಜೆ. ದೊಡ್ಡ ಅಲೆಯೊಂದು ಏಳುವುದು ಕಂಡಿತು, ಅದರ ಹಿಂದೆ ಆಪಾ ಕಾಣಲಿಲ್ಲ. ಎಳೀರಿ ಎಂದು ಕಿರುಚಿದವನು ನಾನೇ. ನಾಲ್ಕೈದು ಜನ ಒಟ್ಟಿಗೆ ಎಳೆದೆವು. ಆಪಾ ಬೋರಲಾಗಿ, ಮರಳಿನ ಮೇಲೆ ತೆವಳಿಕೊಂಡು ಬಂದು ದಡಕ್ಕೆ ಬಿದ್ದರು. ಕೆಮ್ಮಿ, ಉಪ್ಪುನೀರು ಉಗುಳಿ, ದುಪಟ್ಟಾ ಸರಿಮಾಡಿಕೊಂಡು ಕೂತರು. ಮೊಣಕೈ ತರಚಿತ್ತು.

‘ಎಳೀರಿ ಅಂದ್ನಾ ನಾನು?’ ಎಂದು ನನ್ನನ್ನು ಕೇಳಿದರು. ದನಿ ಜೋರಿರಲಿಲ್ಲ. ಅದೇ ಕಷ್ಟವಾಗಿತ್ತು.

ಹೆದರಿಕೆಯಾಯಿತು ಆಪಾ ಎಂದೆ.

‘ಡ್ರಮ್ಮಲ್ಲಿ ಇಡೋ ಹಂಗೆ ಒಂದಿನ ಕೇಳ್ಳಿಲ್ಲ ಸಾರ್ ನಾನು. ಒಂದು ಉಸಿರು ಕೇಳ್ದೆ. ಇಷ್ಟು ವರ್ಷ ಆದ್ಮೇಲೆ ಒಂದು ಉಸಿರು. ಅಷ್ಟೂ ಬಿಡಕ್ಕಾಗಲ್ವಾ ನಿಮ್ಗೆ?’

ಆ ಮಾತು ನನಗೆ ನಾಟಿತು. ಕಂಪನಿ ರೂಲ್ಸು ಎಂದು ಸುಳ್ಳು ಹೇಳಿದ ದಿನವೂ ನಾನು ಮಾಡಿದ್ದು ಇದನ್ನೇ. ಅವರು ಹೇಳುವ ಮೊದಲೇ ಎಳೆದದ್ದು. ಹಗ್ಗವನ್ನು ಬೇರೆಯವರಿಗೆ ಕೊಟ್ಟುಬಿಡೋಣ ಅನ್ನಿಸಿತು. ಆಪಾ ಬಿಡಲಿಲ್ಲ. ಗಂಟು ತಾವೇ ಬಿಗಿಮಾಡಿಕೊಂಡು ಎದ್ದು, ಹಗ್ಗದ ತುದಿಯನ್ನು ಮತ್ತೆ ನನ್ನ ಕೈಗೇ ಇಟ್ಟು, ಮತ್ತೆ ನಡೆದರು. ಈ ಸಲ ಅಲೆಗೆ ಕಾಯಲಿಲ್ಲ. ಎದೆಮಟ್ಟದ ನೀರಿನಲ್ಲಿ ನಿಂತು ಮೂಗು ಹಿಡಿದುಕೊಂಡು ತಾವಾಗಿ ಕುಸಿದು ಕೂತರು. ತಲೆ ಪೂರ್ತಿ ಮುಳುಗಿತು. ಹಗ್ಗ ಸಡಿಲವಾಯಿತು. ನನ್ನ ಕೈ ತನ್ನಷ್ಟಕ್ಕೆ ಬಿಗಿಯಾಗುತ್ತಿತ್ತು. ಅಷ್ಟರಲ್ಲಿ ನೀರಿನ ಮೇಲೆ ಒಂದು ಎಡಗೈ ಬಂತು, ಅದರಲ್ಲಿ ಒಂದು ಬೆರಳು ನೆಟ್ಟಗೆ ಮೇಲಕ್ಕೆ.

ಭಾಯ್ ನನ್ನ ಕೈಯ ಮೇಲೆ ತಮ್ಮ ಕೈಯಿಟ್ಟರು. ‘ಬಿಡಿ ಸಾರ್, ಎಣಿಕೆ ನಡೀತೈತೆ.’

ಎಷ್ಟು ಹೊತ್ತೋ ತಿಳಿಯದು. ಆಪಾ ಎದ್ದು ನಿಂತರು. ಮುಖದಿಂದ ನೀರು ಒರೆಸಿಕೊಂಡು, ಗಿರಾಕಿಗೆ ಪರದೆಯ ಹಿಂದಿನಿಂದ ಹೇಳುತ್ತಿದ್ದ ಹಾಗೆ ‘ಹೂಂ’ ಎಂದರು. ದಡಕ್ಕೆ ಬಂದು ಕೂತ ಮೇಲೆ ಅವರು ಹೇಳಿದ ಮೊದಲ ಮಾತು ನನಗೆ ಈಗಲೂ ಆಶ್ಚರ್ಯ. ಒಳಗೆ ಸುಮ್ಮನೆ ಇರುತ್ತದೆ ಅಂದುಕೊಂಡಿದ್ದೆ ಸಾರ್, ಭಾರಿ ಸದ್ದು ಎಂದರು. ಅಷ್ಟರಲ್ಲಿ ಗುಬ್ಬಿಯ ಡೀಲರ ಹೆಂಡತಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಮುಂದೆ ಬಂದು, ನನಗೂ ಕಟ್ಟಿ ಎಂದರು. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಬಸ್ಸು ಒಂದು ಗಂಟೆ ಕಾಯಿತು. ಹೆಂಡತಿಯರನ್ನು ಒಬ್ಬೊಬ್ಬರನ್ನಾಗಿ ಇಳಿಸಿ ಎತ್ತಿ, ನಮ್ಮ ಡೀಲರುಗಳ ಅಂಗೈ ಕೆಂಪಾಗಿತ್ತು. ವಾಪಸು ಬರುವಾಗ ಗುಬ್ಬಿಯವರು ನನ್ನ ಪಕ್ಕದಲ್ಲಿ ಕೂತು, ಮದುವೆಯಾಗಿ ಇಷ್ಟು ವರ್ಷವಾಯಿತು, ಇವಳು ಹೀಗೆ ನಕ್ಕಿದ್ದನ್ನು ನೋಡಿರಲಿಲ್ಲ ಕಣ್ರೀ ಎಂದರು. ಪ್ರವಾಸ ಹಾಳಾಯಿತು ಎಂದು ಆಮೇಲೆ ಯಾರೂ ಹೇಳಲಿಲ್ಲ.

ಹಗ್ಗವನ್ನು ಆಪಾ ಅಂಗಡಿಯ ಮೊಳೆಗೆ ನೇತುಹಾಕಿದರು. ಅದನ್ನು ಯಾವ ಪಂಪಿಗೂ ಕಟ್ಟಗೊಡಲಿಲ್ಲ. ನಾನು ಹೋದಾಗಲೆಲ್ಲ ಅದನ್ನು ತೋರಿಸಿ, ಬೇಗ ಎಳೆದುಬಿಟ್ಟಿರಿ ನೀವು ಎಂದು ಕಾಲೆಳೆಯುವುದು ತಪ್ಪುತ್ತಿರಲಿಲ್ಲ. ನಾನು ಕಂಪನಿ ಬದಲಿಸಿದೆ. ಅವರು ಮಣೆ ಬದಲಿಸಲಿಲ್ಲ. ಕೊನೆಯ ವರ್ಷ ಕಣ್ಣು ಮಂಜಾಗಿ ಬೆರಳಿನಲ್ಲೇ ಸೀಳು ಹುಡುಕಿ ಸುತ್ತುತ್ತಿದ್ದರಂತೆ. ಎದೆನೋವು ಬಂದ ದಿನ ಬೆಳಿಗ್ಗೆಯೂ ಡ್ರಮ್ಮಿನಲ್ಲಿ ಒಂದು ಮೋಟರು ಮುಳುಗಿತ್ತು. ಭಾಯ್ ಅದನ್ನು ಮರುದಿನದವರೆಗೂ ತೆಗೆಯಲಿಲ್ಲ, ಹೊತ್ತು ಆಗಿರಲಿಲ್ಲ ಎಂದು.

ಹೋದ ವಾರ ನಿಂತುಹೋದ ನಮ್ಮ ಮೋಟರನ್ನು ಮೇಲೆತ್ತಿಸಿ ಲಗೇಜ್ ಆಟೋದಲ್ಲಿ ತುಮಕೂರಿಗೆ ಒಯ್ದೆ. ಭಾಯ್ ತಾವೇ ಬಿಚ್ಚಿದರು. ಒಳಗಿನ ಕೆಸರು ತೊಳೆದಾಗ ವೈಂಡಿಂಗಿನ ತುದಿಯಲ್ಲಿ ದಾರ ಕಂಡಿತು, ಮೂರು ಗಂಟು. ಹಸಿರು ಮಾಸಿ ಬಿಳಚಿಕೊಂಡಿತ್ತು. ಹತ್ತು ವರ್ಷದ ಹಿಂದೆ ಆಪಾ ಸುತ್ತಿಕೊಟ್ಟದ್ದು, ನಾನು ಮರೆತೇಬಿಟ್ಟಿದ್ದೆ. ಬೇರಿಂಗ್ ಹೋಗಿದೆ ಅಷ್ಟೇ, ಬೇರೆ ಹಾಕಿದರೆ ಆಯಿತು ಎಂದರು ಭಾಯ್. ಆದರೂ ಕೊಳವೆಯನ್ನು ಡ್ರಮ್ಮಿಗೆ ಇಳಿಸಿ, ನಾಳೆ ಬನ್ನಿ ಎಂದರು. ಮರುದಿನ ಮೆಗ್ಗರ್ ತಾಗಿಸಿದೆವು. ಮುಳ್ಳು ಮೇಲೇರಿ ನಿಂತಿತು, ಅಲ್ಲಾಡಲಿಲ್ಲ. ಭಾಯ್ ಆ ಮುಳ್ಳನ್ನು ಬಹಳ ಹೊತ್ತು ನೋಡಿದರು. ಆಮೇಲೆ, ಇಳಿಸುವಾಗ ನಾನೂ ಬರುತ್ತೇನೆ ಎಂದು ಅಂಗಡಿಯ ಬಾಗಿಲೆಳೆದುಕೊಂಡು ಆಟೋ ಹತ್ತಿದರು.

ಹೊಲದಲ್ಲಿ ಪೈಪುಗಳನ್ನು ಒಂದೊಂದಾಗಿ ಜೋಡಿಸುತ್ತ ಮೋಟರನ್ನು ಇಳಿಸತೊಡಗಿದರು. ಹಗ್ಗ ನಾನು ಹಿಡಿಯುತ್ತೇನೆ ಎಂದೆ. ಹೊಲ ನೋಡಿಕೊಳ್ಳುವ ನನ್ನ ಅಣ್ಣ ವಿಚಿತ್ರವಾಗಿ ನೋಡಿದ, ಕೊಟ್ಟ. ಹಗ್ಗ ಕೈಯಿಂದ ಕೈಗೆ ಜಾರುತ್ತ ಕೆಳಗೆ, ಇನ್ನೂ ಕೆಳಗೆ ಹೋಯಿತು. ಎಲ್ಲೋ ಆಳದಲ್ಲಿ ಮೋಟರು ನೀರು ಮುಟ್ಟಿ ಮುಳುಗಿತು. ಭಾರ ಸ್ವಲ್ಪ ಹಗುರಾದದ್ದು ಅಂಗೈಗೆ ತಿಳಿಯಿತು. ಸ್ಟಾರ್ಟರ್ ಪೆಟ್ಟಿಗೆಯ ಹತ್ತಿರ ನಿಂತಿದ್ದ ಅಣ್ಣ, ಏನ್ಲಾ, ಸ್ವಿಚ್ ಹಾಕ್ಲಾ ಎಂದು ಕೂಗಿದ. ಹಗ್ಗವನ್ನು ಬಲಗೈಗೆ ಸುತ್ತಿಕೊಂಡು ಎಡಗೈಯ ಒಂದು ಬೆರಳು ಎತ್ತಿದೆ. ಅಣ್ಣನಿಗೆ ಅರ್ಥವಾಗಲಿಲ್ಲ, ಮತ್ತೆ ಕೂಗಿದ.

‘ತಡೀರಿ ಅಣ್ಣ,’ ಎಂದರು ಭಾಯ್. ‘ಎಣಿಕೆ ನಡೀತೈತೆ.’